26ನೇ ವಯಸ್ಸಿಗೆ ಎರಡು ಆರ್ಕೆಸ್ಟ್ರಾ: ಯುವ ಕಂಡಕ್ಟರ್ ಜುಬಿನ್ ಮೆಹ್ತಾ ನಡೆದ ದಾರಿ

1954ರಲ್ಲಿ 18 ವರ್ಷದ ಪಾರ್ಸಿ ಹುಡುಗನೊಬ್ಬ ಡಾಕ್ಟರ್ ಆಗುವ ಓದು ಬಿಟ್ಟು ಬೊಂಬಾಯಿಯಿಂದ ವಿಯೆನ್ನಾಕ್ಕೆ ಹೊರಟ. 1962ರ ಹೊತ್ತಿಗೆ ಆತ ಮಾಂಟ್ರಿಯಲ್ ಮತ್ತು ಲಾಸ್ ಏಂಜಲೀಸ್, ಎರಡೂ ಊರಿನ ಸಿಂಫನಿ ಆರ್ಕೆಸ್ಟ್ರಾಗಳ, ಅಂದರೆ ಪಶ್ಚಿಮದ ಶಾಸ್ತ್ರೀಯ ಸಂಗೀತ ನುಡಿಸುವ ದೊಡ್ಡ ವಾದ್ಯವೃಂದಗಳ, ಸಂಗೀತ ನಿರ್ದೇಶಕ; ಕೋಲು ಹಿಡಿದು ಅವುಗಳನ್ನು ನಡೆಸುವ ಮುಖ್ಯ ಕಂಡಕ್ಟರ್. ಆಗ ಜುಬಿನ್ ಮೆಹ್ತಾ ಅವರಿಗೆ ಬರೀ 26 ವರ್ಷ. ಉತ್ತರ ಅಮೆರಿಕದಲ್ಲಿ ಎರಡು ಆರ್ಕೆಸ್ಟ್ರಾಗಳನ್ನು ಒಟ್ಟಿಗೇ ನಡೆಸಿದವರಲ್ಲಿ ಅವರೇ ಮೊದಲಿಗರು ಎನ್ನುತ್ತಾರೆ.

ಪ್ರತಿಭೆ ಇತ್ತು, ಅದೃಷ್ಟವೂ ಕೂಡಿ ಬಂತು ಎಂದು ಎರಡು ಮಾತಿನಲ್ಲಿ ಮುಗಿಸಿಬಿಡಬಹುದು. ಹಾಗೆ ಮುಗಿಸಿದರೆ ಇವತ್ತು ಈ ಕೆಲಸಕ್ಕೆ ಬರಬೇಕು ಎಂದು ಆಸೆಪಡುವ ಮಕ್ಕಳಿಗೆ ಏನೂ ಸಿಗುವುದಿಲ್ಲ. ಅದಕ್ಕೇ ಈ ಎಂಟು ವರ್ಷಗಳನ್ನು ಬಿಡಿಸಿ ನೋಡುತ್ತಿದ್ದೇನೆ. ಯುವ ಕಂಡಕ್ಟರ್ ಒಬ್ಬರ ಮೊದಲ ವರ್ಷಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತವೆ: ಕೈಗೆ ಆರ್ಕೆಸ್ಟ್ರಾನೇ ಸಿಗದವರು ಆರ್ಕೆಸ್ಟ್ರಾ ನಡೆಸುವುದನ್ನು ಕಲಿಯುವುದು ಎಲ್ಲಿ?

ಪಿಟೀಲು ಕಲಿಯುವವರ ಮನೆಯಲ್ಲಿ ಪಿಟೀಲು ಇರುತ್ತದೆ. ಬೆಳಿಗ್ಗೆ ಎದ್ದು ಸಾಧನೆ ಮಾಡಬಹುದು, ತಪ್ಪಿದರೆ ಇನ್ನೊಂದು ಸಲ ನುಡಿಸಬಹುದು. ಕಂಡಕ್ಟರ್‌ಗೆ ಆ ಸೌಕರ್ಯ ಇಲ್ಲ. ಅವರ ವಾದ್ಯ ಅಂದರೆ 80-100 ಜನ ನುರಿತ ವಾದಕರು. ಅವರಿಗೆ ಸಂಬಳ ಕೊಡಬೇಕು, ಕೂರಲು ಹಾಲ್ ಬೇಕು, ಗಡಿಯಾರ ನೋಡಿಕೊಂಡು ರಿಹರ್ಸಲ್ ಮುಗಿಸಬೇಕು. ಕಲಿಯುವ ಹುಡುಗನೊಬ್ಬ ಸುಮ್ನೆ ಪ್ರಯೋಗ ಮಾಡಲಿ ಎಂದು ಇಷ್ಟು ಜನರನ್ನು ಯಾರೂ ಕೂರಿಸುವುದಿಲ್ಲ.

ಮೈಸೂರು ದಸರಾದಲ್ಲಿ ಪೊಲೀಸ್ ವಾದ್ಯವೃಂದದ ಕಛೇರಿ ಕೇಳಿದವರಿಗೆ ಕೋಲು ಹಿಡಿದು ನಿಂತವರ ಬೆನ್ನು ನೆನಪಿರುತ್ತದೆ, ಅಲ್ವಾ? ಅವರು ತಾಳ ಹಾಕುತ್ತಿದ್ದಾರೆ ಎಂದಷ್ಟೇ ನಮಗೆ ಅನ್ನಿಸುತ್ತದೆ. ಕೆಲಸ ಅದಕ್ಕಿಂತ ಜಾಸ್ತಿ ಇದೆ. ಕೋಲು ಕೆಳಗೆ ಬಂದಾಗ ಸದ್ದು ಹುಟ್ಟುತ್ತದೆ. ಆದರೆ ಅದಕ್ಕೂ ಮೊದಲು ಕೈ ಒಮ್ಮೆ ಮೇಲಕ್ಕೆ ಹೋಗುತ್ತದೆ. ಆ ಒಂದು ಎಣಿಕೆಯಲ್ಲೇ ವೇಗ ಎಷ್ಟು, ಜೋರು ಎಷ್ಟು, ಸ್ವರ ಮೆತ್ತಗೆ ಹುಟ್ಟಬೇಕಾ ಚೂಪಾಗಿ ಹುಟ್ಟಬೇಕಾ ಎಲ್ಲ ತಿಳಿಯಬೇಕು. ವಾದಕರು ಆ ಎಣಿಕೆಯಲ್ಲೇ ಉಸಿರು ತೆಗೆದುಕೊಳ್ಳುತ್ತಾರೆ.

ಮುಂದಿರುವ ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸ್ವರಗಳನ್ನೂ ಒಟ್ಟಿಗೆ ಬರೆದ ಪುಸ್ತಕ, ಅಂತೂ ಇನ್ನೊಂದು ಲೋಕ. ಒಂದೇ ಪುಟದಲ್ಲಿ 20 ಸಾಲು ಇರಬಹುದು. ಮೇಲೆ ಕೊಳಲುಗಳು, ಓಬೋ, ಕ್ಲಾರಿನೆಟ್, ಬಸೂನ್. ಅವುಗಳ ಕೆಳಗೆ ಹಾರ್ನ್, ಟ್ರಂಪೆಟ್, ಟ್ರೊಂಬೋನ್. ಆಮೇಲೆ ಟಿಂಪಾನಿ. ಕೊನೆಗೆ ತಂತಿ ವಾದ್ಯಗಳು, ತೀರಾ ತಳದಲ್ಲಿ ಡಬಲ್ ಬೇಸ್. ಎಲ್ಲ ಸಾಲನ್ನೂ ಒಟ್ಟಿಗೇ ಓದಬೇಕು. ಅದೂ ನೇರವಾಗಿ ಅಲ್ಲ. ಎಫ್ ಹಾರ್ನ್‌ನವರ ಹಾಳೆಯಲ್ಲಿ ಸಿ ಎಂದು ಬರೆದಿದ್ದರೆ ಕಿವಿಗೆ ಬೀಳುವುದು ಅದರ ಕೆಳಗಿನ ಎಫ್. ಕ್ಲಾರಿನೆಟ್‌ನ ಲೆಕ್ಕವೇ ಬೇರೆ. ಕಣ್ಣು ಒಂದು ಸ್ವರ ಓದುವಾಗ ಕಿವಿ ಇನ್ನೊಂದನ್ನು ಕೇಳುತ್ತಿರಬೇಕು. ಇಷ್ಟನ್ನು ಮನೆಯಲ್ಲಿ ಕೂತು ಕಲಿಯಬಹುದು. ಕೈ ಎತ್ತಿದಾಗ ಎದುರಿಗೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಮನೆಯಲ್ಲಿ ಕಲಿಯಲಾಗದು.

ಬೊಂಬಾಯಿ

ಜುಬಿನ್ ಹುಟ್ಟಿದ್ದು 1936ರ ಏಪ್ರಿಲ್ 29ರಂದು. ತಂದೆ ಮೇಹ್ಲಿ ಮೆಹ್ತಾ ಹೆಚ್ಚು ಪಾಲು ಸ್ವಂತವಾಗಿ ಪಿಟೀಲು ಕಲಿತವರು. 1935ರಲ್ಲಿ ಬೊಂಬಾಯಿ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಅದರಲ್ಲಿ ಗೋವಾದ ವಾದಕರು, ನೌಕಾಪಡೆಯ ಬ್ಯಾಂಡಿನವರು, ಪಾರ್ಸಿ ಹವ್ಯಾಸಿಗಳು ಎಲ್ಲ ಇದ್ದರು. ಬೆರಕೆ ತಂಡ. ಯುರೋಪಿನ ಮಟ್ಟಕ್ಕೆ ನುಡಿಸುವ ತಂಡ ಅಲ್ಲ. ಆದರೂ ಒಬ್ಬ ಹುಡುಗನಿಗೆ ಅದು ಕೊಟ್ಟಿದ್ದನ್ನು ಆ ಕಾಲದ ಎಷ್ಟೋ ಯುರೋಪಿನ ಮಕ್ಕಳಿಗೂ ಯಾರೂ ಕೊಟ್ಟಿರಲಿಲ್ಲ. ಹದಿಹರೆಯದಲ್ಲೇ ತಂದೆ ಅವರ ಕೈಗೆ ಒಂದೊಂದು ವಾದ್ಯಗುಂಪಿನ ರಿಹರ್ಸಲ್ ಬಿಟ್ಟರು. 16ರ ಹೊತ್ತಿಗೆ ರಿಹರ್ಸಲ್‌ನಲ್ಲಿ ಇಡೀ ಆರ್ಕೆಸ್ಟ್ರಾ ಮುಂದೆ ನಿಲ್ಲುತ್ತಿದ್ದರು.

ಇಡೀ ಪ್ರಕರಣದಲ್ಲಿ ಜನ ಕಡಿಮೆ ಮಾತಾಡುವುದು ಇದರ ಬಗ್ಗೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ಶ್ರುತಿ ಅಲ್ಪಸ್ವಲ್ಪ ಆಚೀಚೆ ಆಗುವ ತಂಡದ ಮುಂದೆ ನಿಂತರೆ ಕಿವಿ ಚುರುಕಾಗುತ್ತದೆ. ಎಲ್ಲಿ ತಪ್ಪಿತು, ಯಾರು ಮುಂದೆ ಓಡಿದರು ಎಂದು ಹುಡುಕಿ ಸರಿಮಾಡಬೇಕಾಗುತ್ತದೆ. ಚೆನ್ನಾಗಿ ನುಡಿಸುವ ತಂಡ ಕಂಡಕ್ಟರ್ ಮಾಡಿದ ತಪ್ಪನ್ನೂ ಮುಚ್ಚಿ ನಡೆಸಿಕೊಂಡು ಹೋಗುತ್ತದೆ. ಆಗ ಕಲಿಕೆ ಆಗುವುದಿಲ್ಲ.

ಆದರೆ ಮನೆಯವರ ಲೆಕ್ಕದಲ್ಲಿ ಮಗ ಡಾಕ್ಟರ್ ಆಗಬೇಕಿತ್ತು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಎರಡು ವರ್ಷ ಓದಿ ಬಿಟ್ಟುಬಿಟ್ಟರು. ವಿಯೆನ್ನಾದಲ್ಲಿ ತಿಂಗಳಿಗೆ 75 ಡಾಲರ್‌ನಲ್ಲಿ ದಿನ ತಳ್ಳಿದರು. ಮರುವರ್ಷ, 1955ರಲ್ಲಿ, ಮೇಹ್ಲಿ ಕೂಡ ಬೊಂಬಾಯಿ ಬಿಟ್ಟು ಮ್ಯಾಂಚೆಸ್ಟರಿನ ಹ್ಯಾಲೆ ಆರ್ಕೆಸ್ಟ್ರಾ ಸೇರಿದರು. ಅಪ್ಪ, ಮಗ ಇಬ್ಬರಿಗೂ ಇಲ್ಲಿ ಸಂಗೀತದಲ್ಲೇ ಬದುಕುವ ದಾರಿ ಇರಲಿಲ್ಲ.

ನಮ್ಮ ಕಡೆಯ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಅವರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ರಷ್ಯಾದ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ದುಡ್ಡು ಕೊಟ್ಟಿದ್ದೂ ಅವರೇ. ಅಂದರೆ ಪಶ್ಚಿಮದ ಸಂಗೀತದ ಮೇಲೆ ಪ್ರೀತಿ, ಹಣ ಎರಡೂ ನಮ್ಮ ನೆಲದಲ್ಲಿ ಇದ್ದವು. ಒಬ್ಬ ಹುಡುಗ ಇಲ್ಲೇ ನಿಂತು ಬೆಳೆಯುವಂಥ ಸಂಬಳದ ಆರ್ಕೆಸ್ಟ್ರಾ ಮಾತ್ರ ಇರಲಿಲ್ಲ.

ವಿಯೆನ್ನಾ

ಗುರು ಹಾನ್ಸ್ ಸ್ವರೋವ್ಸ್ಕಿ. ರಚನಕಾರರಾದ ಶೋನ್‌ಬರ್ಗ್ ಮತ್ತು ವೆಬೆರ್ನ್ ಅವರ ಹತ್ತಿರ ಕಲಿತವರು. ಕೈ ಬೀಸಾಟದ ಚಂದ ಅವರಿಗೆ ಬೇಕಿರಲಿಲ್ಲ. ಮೊದಲು ಸ್ಕೋರ್ ಬಿಡಿಸು, ಯಾವ ವಾಕ್ಯ ಎಷ್ಟು ಎಣಿಕೆಯದು ನೋಡು, ರಚನಕಾರ ಏನು ಬರೆದಿದ್ದಾನೆ ತಿಳಿದುಕೋ, ಆಮೇಲೆ ಕೈ ಎತ್ತು ಅನ್ನುವ ಪಾಠ. ಆ ಎತ್ತುವ ಕೈಯೂ ಎಷ್ಟು ಬೇಕೋ ಅಷ್ಟೇ ಆಡಬೇಕು. ಜುಬಿನ್ ಮುಂದೆ ದೊಡ್ಡ ದೊಡ್ಡ ಕೃತಿಗಳನ್ನು ಸ್ಕೋರ್ ಇಲ್ಲದೆ ನೆನಪಿನಿಂದಲೇ ನಡೆಸಿದರು. ಹೀಗೆ ಒಳಗಿನ ಕಟ್ಟಡ ಕಂಡವರಿಗೆ ಕೃತಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಜೊತೆಗೆ ಡಬಲ್ ಬೇಸ್ ಕಲಿತರು. ಇದು ಜಾಣ ಆಯ್ಕೆ. ಪಿಟೀಲಿನವರಿಗಿಂತ ಬೇಸ್ ವಾದಕರು ಕಡಿಮೆ, ಹಾಗಾಗಿ ತಂಡಗಳಲ್ಲಿ ಜಾಗ ಬೇಗ ಸಿಗುತ್ತದೆ. ಹಿಂದಿನ ಸಾಲಿನಲ್ಲಿ ನಿಂತವರಿಗೆ ಇಡೀ ತಂಡ ಎದುರಿಗೇ ಕಾಣುತ್ತದೆ. ಕಂಡಕ್ಟರ್ ಸರಿಯಾಗಿ ಸನ್ನೆ ಕೊಡದಿದ್ದರೆ ವಾದಕರಿಗೆ ಎಷ್ಟು ಕಷ್ಟ ಅನ್ನುವುದು ಆ ಸಾಲಿನಲ್ಲಿ ನಿಂತರೆ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಕಾಯರ್, ಅಂದರೆ ಒಟ್ಟಾಗಿ ಹಾಡುವವರ ತಂಡದ ಕಥೆ. ಮೂಸಿಕ್‌ಫೆರೈನ್ ಸಭಾಂಗಣದಲ್ಲಿ ದೊಡ್ಡವರು ನಡೆಸುವ ರಿಹರ್ಸಲ್‌ಗೆ ವಿದ್ಯಾರ್ಥಿಗಳನ್ನು ಬಿಡುತ್ತಿರಲಿಲ್ಲ. ಜುಬಿನ್ ಮತ್ತು ಅವರ ಸಹಪಾಠಿ, ಇಟಲಿಯ ಕ್ಲಾಡಿಯೊ ಅಬ್ಬಾಡೊ, ಒಂದು ದಾರಿ ಹುಡುಕಿದರು. ಅಲ್ಲಿನ ಕಾಯರ್‌ಗೆ ಹಾಡುಗಾರರಾಗಿ ಸೇರಿಬಿಟ್ಟರು. ಕಾಯರ್‌ನವರು ಆರ್ಕೆಸ್ಟ್ರಾದ ಹಿಂದೆ, ಕಂಡಕ್ಟರ್‌ಗೆ ಮುಖ ಮಾಡಿ ನಿಲ್ಲುತ್ತಾರೆ. ಸಭಿಕರಿಗೆ ಕಾಣುವುದು ಕಂಡಕ್ಟರ್ ಬೆನ್ನು. ಈ ಇಬ್ಬರಿಗೆ ಬ್ರೂನೊ ವಾಲ್ಟರ್, ಕರಾಯಾನ್ ಅಂಥವರ ಕಣ್ಣು, ಕೈ, ಮುಖ ಎಲ್ಲ ಕಂಡಿತು. ಯಾವ ಜಾಗದಲ್ಲಿ ನಿಲ್ಲಿಸುತ್ತಾರೆ, ಯಾವ ತಪ್ಪನ್ನು ಬಿಟ್ಟುಬಿಡುತ್ತಾರೆ, ಹೇಗೆ ಮಾತಾಡುತ್ತಾರೆ, ಎಲ್ಲವನ್ನೂ ನೋಡಿದರು. ಆರ್ಕೆಸ್ಟ್ರಾ ಕೈಗೆ ಸಿಗದಿದ್ದರೆ ಕೊನೆಗೆ ಆರ್ಕೆಸ್ಟ್ರಾದ ಒಳಗಾದರೂ ನಿಲ್ಲಬೇಕು ಅನ್ನುವ ಹಟ ಇದು. ನನಗೆ ಈ ಹಟದ ಮೇಲೆ ತುಂಬಾ ಗೌರವ.

1956ರಲ್ಲಿ ಹಂಗೇರಿಯ ದಂಗೆ ಹತ್ತಿಕ್ಕಿದಾಗ ನಿರಾಶ್ರಿತರು ಗಡಿ ದಾಟಿ ಆಸ್ಟ್ರಿಯಕ್ಕೆ ಬಂದರು. ಜುಬಿನ್ ಒಂದೇ ವಾರದಲ್ಲಿ ವಿದ್ಯಾರ್ಥಿಗಳ ಆರ್ಕೆಸ್ಟ್ರಾ ಒಟ್ಟು ಮಾಡಿ ವಿಯೆನ್ನಾ ಹೊರಗಿನ ನಿರಾಶ್ರಿತರ ಶಿಬಿರದಲ್ಲಿ ಕಛೇರಿ ನಡೆಸಿದರು. ಮನೆ ಮಠ ಬಿಟ್ಟು ಬಂದವರಿಗೆ ಸಂಗೀತ ಕೊಡಬೇಕು ಅನ್ನುವುದೇ ಉದ್ದೇಶ. ಅದರ ಜೊತೆಗೆ ಈ ವೃತ್ತಿಗೆ ಬೇಕಾದ ಇನ್ನೊಂದು ಗುಣವೂ ಇಲ್ಲಿ ಕಾಣುತ್ತದೆ. ಜನರನ್ನು ಸೇರಿಸಬೇಕು, ಹಾಳೆ ಹೊಂದಿಸಬೇಕು, ವಾದ್ಯ ಸಾಗಿಸಬೇಕು, ಸ್ನೇಹಿತರನ್ನು ಒಪ್ಪಿಸಬೇಕು. ಸಂಗೀತ ಚೆನ್ನಾಗಿ ಗೊತ್ತಿದ್ದೂ ಇದು ಬಾರದವರು ಕಂಡಕ್ಟರ್ ಆಗಿ ಉಳಿಯುವುದು ಕಷ್ಟ.

ಸ್ಪರ್ಧೆಯಿಂದ ಬದಲಿ ಕೆಲಸಕ್ಕೆ

1958 ಸ್ಪರ್ಧೆಗಳ ವರ್ಷ. ಲಿವರ್‌ಪೂಲ್‌ನ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಅದರಿಂದ ರಾಯಲ್ ಲಿವರ್‌ಪೂಲ್ ಫಿಲ್ಹಾರ್ಮೋನಿಕ್‌ನಲ್ಲಿ, ಜಾನ್ ಪ್ರಿಚರ್ಡ್ ಅವರ ಕೈಕೆಳಗೆ, ಒಂದು ವರ್ಷದ ಸಹಾಯಕ ಕೆಲಸ ಸಿಕ್ಕಿತು. ಅದೇ ವರ್ಷ ಅಮೆರಿಕದ ಟ್ಯಾಂಗಲ್‌ವುಡ್ ಬೇಸಿಗೆ ಶಿಬಿರದಲ್ಲಿ ಅಬ್ಬಾಡೊಗೆ ಮೊದಲ ಬಹುಮಾನ, ಜುಬಿನ್‌ಗೆ ಎರಡನೆಯದು. ಬೋಸ್ಟನ್ ಸಿಂಫನಿಯ ಶಾರ್ಲ್ ಮ್ಯುಂಶ್ ಅವರ ಕಣ್ಣಿಗೆ ಬಿದ್ದದ್ದು ಅಲ್ಲೇ.

ಗೆದ್ದ ಬಹುಮಾನ ಒಂದು ವರ್ಷದ ಕೆಲಸ ಕೊಟ್ಟು ಮುಗಿಯಿತು. ಎರಡನೆಯ ಬಹುಮಾನದ ಜೊತೆ ಸಿಕ್ಕ ಪರಿಚಯ ಮಾಂಟ್ರಿಯಲ್‌ವರೆಗೆ ಕರೆದೊಯ್ದಿತು. ಸ್ಪರ್ಧೆಗೆ ಹೋಗುವ ಯುವಕರು ಪದಕದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ತೀರ್ಪುಗಾರರ ಸಾಲಿನಲ್ಲಿ ಯಾರು ಕೂತಿದ್ದಾರೆ, ಸಭೆಯಲ್ಲಿ ಯಾರಿದ್ದಾರೆ ಅನ್ನುವುದು ಎಷ್ಟೋ ಸಲ ಪದಕಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

1960 ಮತ್ತು 1961 ಪೂರ್ತಿ ಬದಲಿ ಕೆಲಸ. ದೊಡ್ಡ ಕಂಡಕ್ಟರ್‌ಗಳು ಕಾಯಿಲೆ ಬಿದ್ದಾಗ ಜುಬಿನ್‌ಗೆ ಕರೆ ಬರುತ್ತಿತ್ತು. ಮಾಂಟ್ರಿಯಲ್‌ನಲ್ಲಿ ಇಗೋರ್ ಮಾರ್ಕೆವಿಚ್ ಜಾಗಕ್ಕೆ. ಲಾಸ್ ಏಂಜಲೀಸ್‌ನಲ್ಲಿ ಫ್ರಿಟ್ಸ್ ರೈನರ್ ಜಾಗಕ್ಕೆ. ಇಸ್ರೇಲ್ ಫಿಲ್ಹಾರ್ಮೋನಿಕ್‌ನಲ್ಲಿ ಯೂಜೀನ್ ಓರ್ಮಂಡಿ ಜಾಗಕ್ಕೆ. ಈ ಮೂರೂ ಕರೆಗಳೂ ಮುಂದೆ ದೊಡ್ಡ ಹುದ್ದೆಗಳಾದವು. ಇಸ್ರೇಲ್ ಜೊತೆಗಿನ ನಂಟಂತೂ 2019ರವರೆಗೆ ನಡೆಯಿತು.

ಬದಲಿ ಕೆಲಸ ಹೊರಗಿನಿಂದ ನೋಡಿದರೆ ಅದೃಷ್ಟದ ಆಟ. ಒಳಗಿನಿಂದ ನೋಡಿ. ಟಿಕೆಟ್ ಮಾರಾಟ ಆಗಿರುತ್ತದೆ, ಕಾರ್ಯಕ್ರಮದ ಹಾಳೆ ಅಚ್ಚಾಗಿರುತ್ತದೆ. ನಿಮಗೆ ಇಷ್ಟವಾದ ಕೃತಿ ನಡೆಸುವ ಹಾಗಿಲ್ಲ, ಕಾಯಿಲೆ ಬಿದ್ದವರು ಆರಿಸಿದ್ದನ್ನೇ ನಡೆಸಬೇಕಾಗಬಹುದು. ಮೂರೋ ನಾಲ್ಕೋ ರಿಹರ್ಸಲ್ ಸಿಗಬಹುದು, ಒಮ್ಮೊಮ್ಮೆ ಅದೂ ಇಲ್ಲ. ಎದುರಿಗೆ ಕೂತವರು ಆ ಕೃತಿಯನ್ನು ನಿಮ್ಮ ವಯಸ್ಸಿಗಿಂತ ಹೆಚ್ಚು ವರ್ಷ ನುಡಿಸಿದವರು. ಮೊದಲ ಹತ್ತು ನಿಮಿಷದಲ್ಲೇ ನಿಮ್ಮನ್ನು ಅಳೆದುಬಿಡುತ್ತಾರೆ. ಇಂಥ ಕರೆಗೆ ಹೂಂ ಅನ್ನಬೇಕಾದರೆ ಎಷ್ಟು ಸ್ಕೋರ್‌ಗಳು ಮೊದಲೇ ತಲೆಯಲ್ಲಿ ಇರಬೇಕು! ಕರೆ ಬಂದಮೇಲೆ ಓದಲು ಕೂತರೆ ಆಗುವ ಕೆಲಸವಲ್ಲ. ಸ್ವರೋವ್ಸ್ಕಿ ತರಗತಿಯ ಬಿಡಿಸಿ ನೋಡುವ ಅಭ್ಯಾಸ ಕೆಲಸಕ್ಕೆ ಬಂದದ್ದು ಇಲ್ಲಿ.

ಶೋಲ್ಟಿ ಪ್ರಸಂಗ

ಪ್ರಕರಣದ ಅತ್ಯಂತ ಇಕ್ಕಟ್ಟಿನ ಭಾಗ ಇದು. ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್‌ನ ನಿರ್ದೇಶಕ ಎಡ್ವರ್ಡ್ ಫಾನ್ ಬೈನಮ್ 1959ರಲ್ಲಿ ತೀರಿಕೊಂಡಿದ್ದರು. ಆ ಜಾಗಕ್ಕೆ ಹಂಗೇರಿ ಮೂಲದ ಜಾರ್ಜ್ ಶೋಲ್ಟಿ ನಿಗದಿಯಾಗಿದ್ದರು. ಅವರು ಬಂದು ಕೆಲಸ ಶುರುಮಾಡುವ ಮೊದಲೇ, 1961ರಲ್ಲಿ, ಆಡಳಿತ ಮಂಡಳಿ ಜುಬಿನ್ ಅವರನ್ನು ಸಹಾಯಕ ಕಂಡಕ್ಟರ್ ಎಂದು ನೇಮಿಸಿತು. ಶೋಲ್ಟಿಯನ್ನು ಒಂದು ಮಾತು ಕೇಳಲಿಲ್ಲ. ಅವರು ರಾಜೀನಾಮೆ ಕೊಟ್ಟರು. ಖಾಲಿಯಾದ ಕುರ್ಚಿ ಜುಬಿನ್‌ಗೆ ಬಂತು.

ಶೋಲ್ಟಿಗೆ ಯಾಕೆ ಅಷ್ಟು ನೋವಾಯಿತು ಅನ್ನುವುದು ಅವರು ನಡೆದು ಬಂದ ದಾರಿ ನೋಡಿದರೆ ತಿಳಿಯುತ್ತದೆ. ಅವರು ಹಳೆಯ ಯುರೋಪಿನ ಏಣಿ ಹತ್ತಿದವರು. ಬುಡಾಪೆಸ್ಟ್ ಒಪೆರಾದಲ್ಲಿ (ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ) ವರ್ಷಗಟ್ಟಲೆ ಪಿಯಾನೋ ಮುಂದೆ ಕೂತು ಗಾಯಕರಿಗೆ ಪಾಠ ಹೇಳಿಕೊಟ್ಟವರು. ಯಹೂದಿ ಆದ್ದರಿಂದ ಕೋಲು ಹಿಡಿಯುವ ಅವಕಾಶವೇ ಸಿಗುತ್ತಿರಲಿಲ್ಲ. 1938ರ ಮಾರ್ಚ್ 11ರಂದು ಕೊನೆಗೂ ಒಂದು ಸಂಜೆ ಮೊಜಾರ್ಟ್ ಒಪೆರಾ ನಡೆಸಿದರು. ಅದೇ ಸಂಜೆ ಹಿಟ್ಲರ್ ಸೇನೆ ಆಸ್ಟ್ರಿಯಕ್ಕೆ ನುಗ್ಗುತ್ತಿರುವ ಸುದ್ದಿ ಬಂತು. ಯುದ್ಧದ ವರ್ಷಗಳು ಸ್ವಿಟ್ಜರ್ಲೆಂಡಿನಲ್ಲಿ ಕಳೆದವು. 1946ರಲ್ಲಿ ಮ್ಯೂನಿಕ್, 1952ರಲ್ಲಿ ಫ್ರಾಂಕ್‌ಫರ್ಟ್. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದವರಿಗೆ ತಮ್ಮದೇ ಆರ್ಕೆಸ್ಟ್ರಾದ ನೇಮಕದಲ್ಲಿ ಮಾತಿಲ್ಲ ಎಂದರೆ ಹೇಗಾಗಬೇಡ?

ನನ್ನ ತೀರ್ಮಾನ ಇಷ್ಟು. ತಪ್ಪು ಆಡಳಿತ ಮಂಡಳಿಯದು. 25ರ ಯುವಕ ಬಂದ ಕೆಲಸ ಒಪ್ಪಿಕೊಂಡದ್ದರಲ್ಲಿ ಮೋಸ ಇಲ್ಲ. ಆದರೆ ಕುರ್ಚಿ ಸಿಕ್ಕಿದ್ದು ಪ್ರತಿಭೆಯಿಂದ ಮಾತ್ರ ಎಂದರೂ ಪೂರ್ತಿ ನಿಜವಾಗುವುದಿಲ್ಲ. ಆ ಊರಿಗೆ ಆಗ ಏನು ಬೇಕಿತ್ತು ಅನ್ನುವುದನ್ನೂ ನೋಡಬೇಕು. ಮಂಡಳಿಯ ಮುಂದಾಳು ಡೊರೊತಿ ಚಾಂಡ್ಲರ್ ಹೊಸ ಸಂಗೀತ ಕೇಂದ್ರ ಕಟ್ಟಲು ಹಣ ಎತ್ತುತ್ತಿದ್ದರು. ಸುಮಾರು 2 ಕೋಟಿ ಡಾಲರ್ ದೇಣಿಗೆ ತಂದರು. 1964ರ ಡಿಸೆಂಬರ್‌ನಲ್ಲಿ ಹೊಸ ಸಭಾಂಗಣ ತೆರೆದಾಗ ಕೋಲು ಹಿಡಿದವರು ಜುಬಿನ್, ಪಿಟೀಲು ನುಡಿಸಿದವರು ಯಾಶಾ ಹೈಫೆಟ್ಸ್. ಮಾಂಟ್ರಿಯಲ್‌ನಲ್ಲೂ ಇದೇ ಕಥೆ. ಅಲ್ಲಿ ಪ್ಲಾಸ್ ದೆ ಜಾರ್ ಸಭಾಂಗಣ 1963ರಲ್ಲಿ ತೆರೆಯಿತು. ಎರಡೂ ಊರು ದೊಡ್ಡದಾಗಿ ಕಟ್ಟುತ್ತಿದ್ದವು. ದಾನಿಗಳ ಜೊತೆ ಬೆರೆಯುವ, ನೋಡಲು ಚೆಂದದ, ಹುಮ್ಮಸ್ಸಿನ ಯುವಕ ಅಂಥ ಹೊತ್ತಿನಲ್ಲಿ ಸಿಕ್ಕರೆ ಯಾವ ಊರು ಬಿಡುತ್ತದೆ?

ಹಾಗಾದರೆ ಈ ವಯಸ್ಸಿಗೆ ಎರಡು ಆರ್ಕೆಸ್ಟ್ರಾ ಜಾಸ್ತಿ ಆಯಿತಾ? ಸ್ವಲ್ಪ ಆಯಿತು ಎಂದೇ ನನಗನಿಸುತ್ತದೆ. ಒಪೆರಾದ ತಳಪಾಯ ಮೊದಲೇ ಬಿದ್ದಿರಲಿಲ್ಲ, ಹುದ್ದೆ ಬಂದಮೇಲೆ ಕಟ್ಟಿಕೊಳ್ಳಬೇಕಾಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲ ಸಲ ನಡೆಸಿದ್ದು 1965ರಲ್ಲಿ. ಬಾಯಿಗೆ ಕಡಿವಾಣವೂ ಇರಲಿಲ್ಲ. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಬಗ್ಗೆ ಹಗುರವಾಗಿ ಮಾತಾಡಿ ಅಲ್ಲಿನ ವಾದಕರ ಸಿಟ್ಟಿಗೆ ಗುರಿಯಾಗಿ ಕ್ಷಮೆ ಕೇಳಬೇಕಾಯಿತು. ಮುಂದೆ 1978ರಿಂದ 1991ರವರೆಗೆ ಅದೇ ಆರ್ಕೆಸ್ಟ್ರಾ ನಡೆಸಿದರು ಅನ್ನುವುದು ಬೇರೆ ಮಾತು.

ಆದರೂ ದಾರಿ ಕುಸಿಯಲಿಲ್ಲ. ಅವರು ಒಂದು ಕಡೆ ನಿಂತರು. ಮಾಂಟ್ರಿಯಲ್‌ನಲ್ಲಿ 1967ರವರೆಗೆ, ಲಾಸ್ ಏಂಜಲೀಸ್‌ನಲ್ಲಿ 1978ರವರೆಗೆ. ಮೊದಮೊದಲು ಮಾಂಟ್ರಿಯಲ್‌ನಲ್ಲೇ ಎಷ್ಟೋ ದೊಡ್ಡ ಕೃತಿಗಳ ಜೊತೆ ಹೆಣಗಿದರು. 1962ರಲ್ಲೇ ಆ ತಂಡವನ್ನು ಸೋವಿಯತ್ ದೇಶ, ಪ್ಯಾರಿಸ್, ವಿಯೆನ್ನಾಕ್ಕೆ ಕರೆದುಕೊಂಡು ಹೋದರು. ಕಾಯರ್‌ನಲ್ಲಿ ನಿಂತು ಹಾಡಿದ್ದ ಊರಿಗೆ ತನ್ನದೇ ತಂಡ ಕರೆದುಕೊಂಡು ಹೋಗುವಾಗ ಅವರಿಗೆ ಹೆಚ್ಚು ಅಳುಕಿದ್ದದ್ದು ವಿಯೆನ್ನಾದ ಕಛೇರಿ ಬಗ್ಗೆಯೇ. ಅಲ್ಲಿನ ಸಭಿಕರು ಚಪ್ಪಾಳೆ ನಿಲ್ಲಿಸದೆ ಮತ್ತೆ ಮತ್ತೆ ವೇದಿಕೆಗೆ ಕರೆದರು.

ಈಗ

ಇವತ್ತಿನ ಉದಾಹರಣೆ ಫಿನ್ಲೆಂಡಿನ ಕ್ಲೌಸ್ ಮ್ಯಾಕೆಲಾ. ಹುಟ್ಟಿದ್ದು 1996. 22ಕ್ಕೆ ಓಸ್ಲೋದ ಆರ್ಕೆಸ್ಟ್ರಾ ಆರಿಸಿತು, 24ಕ್ಕೆ ಪ್ಯಾರಿಸ್, 26ಕ್ಕೆ ಆಮ್‌ಸ್ಟರ್‌ಡ್ಯಾಮ್, 28ಕ್ಕೆ ಶಿಕಾಗೊ. ಕೊನೆಯ ಎರಡು ಹುದ್ದೆಗಳು ಪೂರ್ತಿಯಾಗಿ ಶುರುವಾಗುವುದು 2027ಕ್ಕೆ. ಇಷ್ಟು ಬೇಗ ಯಾಕೆ ಎಂದು ಜನ ಗೊಣಗುತ್ತಾರೆ. ಆದರೆ ಆತ 12ನೇ ವಯಸ್ಸಿಗೇ ಕಂಡಕ್ಟರ್‌ಗಳ ಗುರು ಯೊರ್ಮಾ ಪಾನುಲಾ ಅವರ ತರಗತಿಯಲ್ಲಿದ್ದ. ಪಾನುಲಾ ಅವರ ಪಾಠದಲ್ಲಿ ವಿದ್ಯಾರ್ಥಿಗಳಿಗೆ ಎದುರಿಗೇ ವಾದಕರನ್ನು ಕೂರಿಸುತ್ತಾರೆ, ವಿಡಿಯೋ ತೆಗೆದು ಆಮೇಲೆ ತೋರಿಸುತ್ತಾರೆ. ಬೊಂಬಾಯಿಯಲ್ಲಿ ಒಬ್ಬ ತಂದೆ ತನ್ನ ಮಗನಿಗೆ ಮಾಡಿಕೊಟ್ಟದ್ದನ್ನು ಫಿನ್ಲೆಂಡ್ ಒಂದು ಸಂಗೀತ ಶಾಲೆಯ ಪದ್ಧತಿಯನ್ನಾಗಿ ಮಾಡಿತು. ಚಿಕ್ಕ ದೇಶದಿಂದ ಸಾಲೊನೆನ್, ಓರಮೊ, ವ್ಯಾನ್‌ಸ್ಕ, ಮಾಲ್ಕಿ ಎಂದು ಸಾಲುಸಾಲಾಗಿ ಕಂಡಕ್ಟರ್‌ಗಳು ಬರುವುದಕ್ಕೆ ಇದು ಮುಖ್ಯ ಕಾರಣ.

ನಮ್ಮ ದೇಶದಲ್ಲಿ 2006ರಲ್ಲಿ ಮುಂಬೈಯ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದ (ಎನ್‌ಸಿಪಿಎ) ಆಶ್ರಯದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಶುರುವಾಯಿತು. ವೃತ್ತಿಪರ ಸಿಂಫನಿ ತಂಡ ಎಂದು ಹೇಳಿಕೊಳ್ಳಲು ನಮಗೆ ಇರುವುದು ಅದೇ. ಬೆಂಗಳೂರಿನಲ್ಲಿ ಪಿಯಾನೋ, ಪಿಟೀಲಿಗೆ ಗ್ರೇಡ್ ಪರೀಕ್ಷೆ ಕಟ್ಟುವ ಮಕ್ಕಳು ಬೇಕಾದಷ್ಟಿದ್ದಾರೆ. ಅವರಲ್ಲಿ ಯಾರಾದರೂ ಕಂಡಕ್ಟರ್ ಆಗುತ್ತೇನೆ ಎಂದರೆ ನಾನು ಹೇಳುವುದು ಇಷ್ಟು. ನಿಮ್ಮ ಹತ್ತಿರದ ಕಾಯರ್‌ಗೆ ಸೇರಿ. ತಂಡದ ಒಳಗೆ ನುಡಿಸುವ ಒಂದು ವಾದ್ಯ ಕಲಿಯಿರಿ, ಪಿಯಾನೋ ಒಂದೇ ಸಾಲದು. ಪೆನ್ಸಿಲ್ ಹಿಡಿದು ಸ್ಕೋರ್ ಬಿಡಿಸುವ ಅಭ್ಯಾಸ ಇವತ್ತೇ ಶುರುಮಾಡಿ. ಹತ್ತು ಜನ ಸ್ನೇಹಿತರು ಸಿಕ್ಕರೆ ಅವರನ್ನೇ ಕೂರಿಸಿಕೊಂಡು ಕೈ ಎತ್ತಿ ನೋಡಿ. 18ರ ಹೊತ್ತಿಗೆ ಊರು ಬಿಡಬೇಕಾಗಬಹುದು ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಹೆಲ್ಸಿಂಕಿ, ವಿಯೆನ್ನಾದ ಸಂಗೀತ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ ಕಿವಿ, ಪಿಯಾನೋ, ಸ್ಕೋರ್ ಓದು ಎಲ್ಲವನ್ನೂ ನೋಡುತ್ತಾರೆ. ಅದಕ್ಕೆ ಒಂದೆರಡು ವರ್ಷದ ತಯಾರಿ ಸಾಲದು.